ತಂಗಿಗೂ ಅದೇ ಉತ್ತರ

೧೪, ಗುರುವಾರ

ನಮ್ಮ ಕಂಪನಿಯ ವಿಮಾನ ಬಿದ್ದಂದಿನಿಂದ ನನ್ನ ಮೇಜಿನ ಫೋನಿಗೆ ಬಿಡುವೇ ಇಲ್ಲ. ಎಲ್ಲರೂ ಕೇಳುವುದು ಒಂದೇ: ಟಿಕೆಟ್ ಇಷ್ಟು ಅಗ್ಗಕ್ಕೆ ಹೇಗೆ ಕೊಡ್ತೀರಿ, ಖರ್ಚು ಎಲ್ಲಿ ಉಳಿಸ್ತೀರಿ? ಹೇಳಬೇಕಾದ ಉತ್ತರವನ್ನು ಮೇಲಿನವರು ಚೀಟಿ ಮಾಡಿ ಕಂಪ್ಯೂಟರಿಗೆ ಅಂಟಿಸಿದ್ದಾರೆ. "ನಮ್ಮ ಪ್ರತಿ ವಿಮಾನವೂ ಪೂರ್ಣ ತಪಾಸಣೆಯ ನಂತರವೇ ಹಾರುತ್ತದೆ. ನೀವು ನಿಶ್ಚಿಂತೆಯಿಂದ ಪ್ರಯಾಣಿಸಬಹುದು." ತಪಾಸಣೆ ಮಾಡುವವರ ಮುಖ ನಾನು ಇದುವರೆಗೆ ಕಂಡಿಲ್ಲ.

ಸಂಜೆ ಕುರ್ಚಿಯಿಂದ ಏಳುವ ಮೊದಲೇ ತಂಗಿ ಮೊಬೈಲಿಗೆ ಫೋನ್ ಮಾಡಿದಳು. ನಾಳೆ ಬೆಳಿಗ್ಗೆ ಮಗುವನ್ನು ಕರೆದುಕೊಂಡು ಇಲ್ಲಿಗೆ ಬರುತ್ತಿದ್ದಾಳೆ, ನಮ್ಮದೇ ವಿಮಾನದಲ್ಲಿ, ನಾನೇ ಕೊಡಿಸಿದ ಟಿಕೆಟ್ಟಿನಲ್ಲಿ.

"ಅಕ್ಕಾ, ನಿಜ ಹೇಳು. ಹತ್ತಬಹುದಾ?"

ದಿನವಿಡೀ ಅದನ್ನೇ ಹೇಳಿದ ಬಾಯಿ. ಚೀಟಿಯ ಉತ್ತರ ಒಂದಕ್ಷರ ತಪ್ಪದೆ ಬಂದುಬಿಟ್ಟಿತು. ಸ್ವಂತ ತಂಗಿಗೆ "ನೀವು" ಅಂತಲೂ ಅಂದೆ. ಅವಳು ನಕ್ಕಳು.

"ಸಾಕು ಬಿಡು ತಾಯಿ. ನೀನೇ ಹೇಳಿದ್ಮೇಲೆ ಇನ್ನೇನು."

ಊಟ ಸೇರಲಿಲ್ಲ. ಮನೆಯ ಮೇಲೆ ವಿಮಾನ ಹಾದುಹೋದಾಗಲೆಲ್ಲ ಎದ್ದು ಹೊರಗೆ ಹೋಗಿ ನೋಡುತ್ತಿದ್ದೇನೆ. ಮಗುವಿಗೆ ಕಿಟಕಿ ಪಕ್ಕದ ಸೀಟು ಆರಿಸಿದ್ದೂ ನಾನೇ.

ತಡೆಯಲಾಗದೆ ಈಗ ಫೋನ್ ಮಾಡಿದೆ, ಬಸ್ಸಿನಲ್ಲಿ ಬಾ ಅನ್ನೋಣವೆಂದು. ಅವಳ ಗಂಡ ಎತ್ತಿದ.

"ಮಲಗಿದಾಳೆ ಅತ್ತಿಗೆ. ಆ ಸುದ್ದಿ ಬಂದಾಗಿಂದ ಕಣ್ಣೇ ಮುಚ್ಚಿರ್ಲಿಲ್ಲ. ನಿಮ್ಮ ಹತ್ರ ಮಾತಾಡಿದ್ಮೇಲೆ ಇವತ್ತು ಒಳ್ಳೇ ನಿದ್ದೆ. ಎಬ್ಬಿಸ್ಲಾ?"

"ಬೇಡ, ಮಲಗಲಿ" ಅಂದೆ. ಅದೂ ಕಚೇರಿಯ ದನಿಯಲ್ಲೇ ಬಂತು.