ಇಮಾಮಹುಸೇನನ ಅಂಗಡಿ ಮ್ಯಾಲಿನ ಗಡಿಯಾರ

ಮಾನ್ವಿ
ಸೋಮವಾರ, ೧೯-೩-೧೯೮೪

ಪ್ರೀತಿಯ ಮಗಳು ಯಮನಮ್ಮಗ,

ಹ್ಯಾಂಗಿದ್ದಿಯವ್ವಾ? ಕೆಮ್ಮು ಕಡಿಮಿ ಆತೇನು? ಕಲಬುರ್ಗಿ ಬಿಸಿಲೂ ನಮ್ಮ ಬಿಸಿಲಿನಂಗ ಅಂತಾರ, ತಲಿಮ್ಯಾಲ ಏನರ ಹೊದ್ದುಕೊಂಡು ಅಡ್ಡಾಡು. ಹಾಸ್ಟೆಲ್ನ್ಯಾಗ ರೊಟ್ಟಿ ಕೊಡ್ತಾರೋ ಬರೇ ಅನ್ನಾನೋ, ನೀ ಬರದೇ ಇಲ್ಲ. ನಾ ಆರಾಮ ಅದೀನಿ. ದೇವದುರ್ಗದ ಸಾಲ್ಯಾಗ ನಾಕನೇತ್ತ ತನಕ ಕಲ್ತ ಕೈ ಇದು, ಅಕ್ಷರ ಸೊಟ್ಟ ಇದ್ರ ನಗಬ್ಯಾಡ.

ನರ್ಸ್ ಬಸವಂತಮ್ಮನ ಕೈಯಾಗ ನೀ ಕಳಿಸಿದ ಚಿತ್ರದ ಪುಸ್ತಕ ಮುಟ್ಟ್ಯಾದ. ಒಂದೊಂದರ ಕೆಳಗೂ ಕನ್ನಡದಾಗ ಹೆಸರು ಬರದದ್ದು ಚಲೋ ಆತು. ವಾನ್ ಗೋ ಬರದ ಆಲೂಗಡ್ಡಿ ತಿನ್ನೋ ಮಂದಿ ನೋಡಿದ್ರ ನಮ್ಮ ಮಸರಕಲ್ಲಿನ ಮನಿ ನೆನಪಾಗ್ತದ, ಅವರ ಕೈ ನಿಮ್ಮ ಕಾಕಾನ ಕೈಯಂಗ ಗಂಟುಗಂಟು. ಪಿಕಾಸೊನ ಅಳೋ ಹೆಣ್ಮಗಳನ್ನ ನೋಡಿ ಮೊದಲ ನಗು ಬಂತು, ಎರಡೂ ಕಣ್ಣು ಒಂದ ಕಡಿ. ಆಮ್ಯಾಲ ಅಕಿ ಕರ್ಚೀಪ ಹಲ್ಲಿಗೆ ಕಚ್ಚಿದ್ದು ಕಾಣಿಸ್ತು. ಅಳು ತಡಕೊಳ್ಳೋವಾಗ ನಾವೂ ಹಂಗ ಕಚ್ಚತೀವಲ್ಲ.

ನಿಮ್ಮಪ್ಪ ಪುಸ್ತಕ ಮುಟ್ಟಲಿಲ್ಲ. ರಾಯಚೂರಿನ ಟೀಚರ್ ಟ್ರೇನಿಂಗ್ ಬಿಟ್ಟು ನೀ ಚಿತ್ರ ಕಲಿಯಾಕ ಹೋದಾಗಿಂದ ಮನ್ಯಾಗ ನಿನ್ನ ಹೆಸರೇ ಎತ್ತಿರಲಿಲ್ಲ. ಅಂವಂದೊಂದ ಮಾತು, ಏಣಿ ಹತ್ತಿ ಬೋರ್ಡ್ ಬರಿಯೋ ಬಾಳೇವು ತನ್ನ ತಲಿಗೇ ಮುಗೀಲಿ ಅಂತ. ಆದ್ರ ಒಂದಿನ ಮಧ್ಯಾಹ್ನ ನಾ ನೀರು ತರೋದ್ರಾಗ ಕೈಯಾನ ಬಣ್ಣ ತೊಳಕೊಂಡು ಕುಂತು ಹಾಳಿ ತಿರುವಾಕತ್ತಿದ್ದ. ನನ್ನ ನೋಡಿ ಸರಕ್ಕನ ಮುಚ್ಚಿದ. ನಾ ಕಂಡೂ ಕಾಣದಂಗ ಒಳಗ ಹೋದೆ. ಅಂವ ನೋಡಾಕತ್ತಿದ್ದು ಸ್ಪೇನ್ ದೇಶದ ಡಾಲಿ ಬರದ ಮೆತ್ತನ್ನ ಗಡಿಯಾರದ ಚಿತ್ರ, ಒಂದು ಟೊಂಗಿ ಮ್ಯಾಲ, ಒಂದು ಕಟ್ಟಿ ಅಂಚಿಗೆ, ಹಸಿ ಅರಿವಿಯಂಗ ಜೋತುಬಿದ್ದಾವ.

ಹೋದ ವಾರ ಇಮಾಮಹುಸೇನ ಬಂದಿದ್ದ, ಬಸ್‌ಸ್ಟ್ಯಾಂಡಿನ ಎದುರು ಗಡಿಯಾರ ರಿಪೇರಿ ಮಾಡ್ತಾನಲ್ಲ, ಅಂವ. ಅಂಗಡಿ ಹೆಸರು, ಅತ್ಲಾಗೊಂದು ಇತ್ಲಾಗೊಂದು ಗಡಿಯಾರ ಬರಿ ಅಂತ ಹೊಸ ತಗಡು ಕೊಟ್ಟು ಹೋದ. ನಿಮ್ಮಪ್ಪ ಹಿತ್ತಲದಾಗ ಕುಂತ ಅಂದ್ರ ಊಟಕ್ಕ ಕರದ್ರೂ ಕಿವಿಗೆ ಬೀಳ್ತಿರಲಿಲ್ಲ. ಮುಗಿಸಿದ ಮ್ಯಾಲ ನೋಡ್ತೀನಿ, ಒಂದ ಗಡಿಯಾರ, ಚರ್ಮದ ಪಟ್ಟಿ ಸಮೇತ ಹೆಸರಿನ ಮ್ಯಾಲಿಂದ ಜೋತುಬಿದ್ದಾದ. ಡಾಲಿದು ಹಿಂದ ಸಮುದ್ರ ಅದ, ಇಂವಂದು ನಮ್ಮ ಮಾನ್ವಿ ಗುಡ್ಡ, ಸುಡು ಬಿಸಿಲಾಗ. ಇಷ್ಟು ವರ್ಷ ಅಂವನ ಕೈಲಿಂದ ಅಂಥಾದ್ದು ಬಂದಿದ್ದು ನಾ ನೋಡಿರಲಿಲ್ಲವ್ವಾ.

ಬೋರ್ಡ್ ಏರಿಸಿದ ದಿನ ಬಸ್ ಇಳದ ಮಂದಿ ಎಲ್ಲಾ ನಿಂತು ನೋಡಿದ್ರು. ಇಲ್ಲಿ ಕೊಟ್ರ ವಾಚು ಹಿಂಗ ಆಗ್ತಾವೇನು ಅಂತ ನಕ್ಕರು. ಇಮಾಮಹುಸೇನ ಸಂಜಿಮಟ ತಡಕೊಂಡು ಮನಿಗೆ ಬಂದ. ಸಿಟ್ಟು ಮಾಡಲಿಲ್ಲ, ಚಾ ಕುಡದು ಮೆಲ್ಲಕ ಹೇಳಿದ. “ಗದ್ದೆಪ್ಪಣ್ಣ, ಚಿತ್ರ ಚಲೋ ಅದ. ಆದ್ರ ಇದನ್ನ ನೋಡಿ ಯಾರು ತಮ್ಮ ಗಡಿಯಾರ ನನ್ನ ಕೈಗೆ ಕೊಡ್ತಾರ, ನೀನ ಹೇಳು.” ಅಂವಂದೂ ತಪ್ಪಿಲ್ಲ, ಹೆಂಡ್ತಿ ಮಕ್ಕಳನ್ನ ಸಾಕಬೇಕಲ್ಲ.

ಮರುದಿನ ನಿಮ್ಮಪ್ಪ ತಾನ ಏಣಿ ಹೊತ್ತುಕೊಂಡು ಹೋದ. ನಾ ಬುತ್ತಿ ಒಯ್ದಾಗ ಬಿಳಿ ಬಣ್ಣ ಬಳಿಯಾಕತ್ತಿದ್ದ. ಮೊದಲ ಗುಡ್ಡ ಅಳಿಸಿದ. ಗಡಿಯಾರದ ಹತ್ರ ಬಂದಾಗ ಬ್ರಶ್ ಡಬ್ಬಿ ಅಂಚಿಗೆ ಒರಸಿ ಮತ್ತ ಅದ್ದಿದ, ಆಮ್ಯಾಲ ಅದನ್ನೂ ಬಳದ. ಬಣ್ಣ ಒಣಗಿದ ಮ್ಯಾಲ ಇಮಾಮಹುಸೇನ ಹೇಳಿದಂಗ ಗುಂಡನ್ನ ಎರಡು ಗಡಿಯಾರ ಬರದು ಬಂದ. ಮನಿಗೆ ಬಂದವ ಊಟದ ಗಂಗಾಳ ಮುಂದಿಟ್ರೂ ಮುಟ್ಟಲಿಲ್ಲ.

“ಇಷ್ಟ ವರ್ಷ ಮಂದಿ ಹೇಳಿದ್ದ ಬರದೀನಿ. ಇದೊಂದ ನನ್ನದಿತ್ತು” ಅಂದ. ಹೊತ್ತಾದ ಮ್ಯಾಲ ಪುಸ್ತಕ ತೊಡಿಮ್ಯಾಲ ಇಟ್ಟುಕೊಂಡು ಕೇಳಿದ, “ಅಕಿ ಬರದದ್ದು ನೋಡಿನೂ ಅಲ್ಲಿ ಮಂದಿ ನಗ್ತಾರೇನು?”

ನೀ ಹೋದ ಮ್ಯಾಲ ನಿನ್ನ ಬಗ್ಗೆ ಅಂವ ಕೇಳಿದ್ದು ಅದ ಮೊದಲು.

ಮಸರಕಲ್ಲಿಂದ ನಿಮ್ಮ ಕಾಕಾ ನಿನ್ನ ಕೇಳ್ಯಾನ, ಕುರಿಗಳು ಚಲೋ ಅದಾವಂತ. ಹೊಟ್ಟಿ ತುಂಬ ಉಣ್ಣು, ಕಣ್ಣಿಗೆ ತ್ರಾಸ ಕೊಡಬ್ಯಾಡ. ಯಲ್ಲಮ್ಮ ನಿನ್ನ ಕೈಗೆ ಬಲ ಕೊಡ್ಲಿ.

ನಿಮ್ಮವ್ವ,
ಜಂಬಮ್ಮ

ತಾ.ಕ.: ಪೋಸ್ಟಿನಾಂವ ಬರೋ ಹೊತ್ತಾತು. ನಿಮ್ಮಪ್ಪ ಶನಿವಾರ ಮುಂಜಾನಿ ಬಸ್ಸಿಗೆ ಕಲಬುರ್ಗಿಗೆ ಬರಾಕತ್ತಾನ. ಬ್ರಶ್ ತರಾಕ ಅಂತಾನ. ಬ್ರಶ್ ರಾಯಚೂರಾಗ ಬೇಕಾದಷ್ಟು ಸಿಗ್ತಾವ. ನಾ ಬರದೀನಿ ಅಂತ ಹೇಳಬ್ಯಾಡ. ಸಾಲಿ ಗೇಟಿನ ಹೊರಗ ನಿಂತು ಹಂಗ ತಿರುಗಿ ಬರೋ ಮನಿಶ್ಯಾ ಅಂವ. ನೀನ ಹೊರಗ ಬಂದು, ಕೈ ಹಿಡದು ಒಳಗ ಕರಕೊಂಡು ಹೋಗಿ, ನೀ ಬರದ ಚಿತ್ರ ತೋರ್ಸು.