ರಿಬ್ಬನ್ನಿನ ಗಂಟು

ಕಾರ್ಮೆಲ್ ವ್ಯಾಲಿ, ಸ್ಯಾನ್ ಡಿಯೇಗೊ
೧೮ ಮೇ ೨೦೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಲೀಲಕ್ಕಾ,

ನಿನ್ನ ಬೆನ್ನುನೋವು ಹೇಗಿದೆ? ಅತ್ತೆಯವರನ್ನು ಹಾಸಿಗೆಯಿಂದ ಎಬ್ಬಿಸಲು ಒಬ್ಬಳೇ ಹೋಗಬೇಡ. ಮಂಡಿಯ ಆಪರೇಷನ್ ಆದವರು ಎದ್ದು ಓಡಾಡುವ ಹೊತ್ತಿಗೆ ನೋಡಿಕೊಂಡವರು ಹಾಸಿಗೆ ಹಿಡಿದಿರುತ್ತಾರೆ. ಅವರು ಕೋಲು ಹಿಡಿದು ಗೇಟಿನವರೆಗೆ ನಡೆದರೆಂದು ಭಾವ ಹೇಳಿದರು, ಸಂತೋಷವಾಯಿತು. ನಾವು ಮೂವರೂ ಇಲ್ಲಿ ಆರೋಗ್ಯವಾಗಿದ್ದೇವೆ. ನಾನು ದಣಿದಿದ್ದೇನೆ, ಅಷ್ಟೆ. ನೀನು ಮೈಸೂರಿಗೆ ಹೊರಟಂದಿನಿಂದ ಟೊರ್ರಿ ಪೈನ್ಸ್‌ನ ಲ್ಯಾಬು, ಸಿಂಧೂರಳ ಶಾಲೆ, ಕಾರ್ಲ್ಸ್‌ಬಾಡ್‌ನ ಜಿಮ್ನಾಸ್ಟಿಕ್ಸ್ ಹಾಲು ಇವುಗಳ ನಡುವೆ ನನ್ನ ಊಟ, ಓದು, ಒಂದೊಂದು ದಿನ ನಿದ್ದೆಯೂ ಕಾರಿನಲ್ಲೇ ಆಗುತ್ತಿದೆ. ನಿನ್ನ ಮಗಳ ಕೂದಲಿಗೆ ಜೆಲ್ ಬಳಿದು ಒಂದೆಳೆಯೂ ಏಳದಂತೆ ಗಂಟು ಕಟ್ಟುವುದು ನನ್ನ ಥೀಸಿಸ್‌ಗಿಂತ ಕಷ್ಟದ ಕೆಲಸ. ಇದನ್ನೆಲ್ಲ ನೀನು ಇಷ್ಟು ವರ್ಷ ಗೊಣಗದೆ ಮಾಡಿದೆ. ಅಥವಾ ಗೊಣಗಿದ್ದು ನಮಗೆ ಕೇಳಿಸಲಿಲ್ಲ.

ಇನ್ನು ನಿನ್ನೆ ಲಾಸ್ ಏಂಜಲೀಸ್‌ನಲ್ಲಿ ನಡೆದ ಸ್ಪರ್ಧೆಯ ವಿಷಯ. ಭಾವ ನಿನಗೆ ಫೋನಿನಲ್ಲಿ "ಎಲ್ಲಾ ಚೆನ್ನಾಗಾಯ್ತು ಕಣೇ, ಆಮೇಲೆ ಮಾತಾಡ್ತೀನಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಇಟ್ಟವರು ನನ್ನ ಕಡೆ ತಿರುಗಿ, "ಉಳಿದಿದ್ದು ನಿಮ್ಮಕ್ಕನಿಗೆ ನೀನೇ ಹೇಳಮ್ಮ, ನಾನು ಬರೀ ಡ್ರೈವರ್ರು" ಎಂದರು. ನಾನು ಫೋನು ಮಾಡಿದರೆ ನೀನು ಮೊದಲ ಮಾತಿಗೇ "ಎಷ್ಟನೇ ರ‍್ಯಾಂಕು?" ಎನ್ನುತ್ತೀಯ, ಉತ್ತರ ಕೇಳಿದ ಮೇಲೆ ಬೇರೇನೂ ನಿನ್ನ ಕಿವಿಗೆ ಬೀಳುವುದಿಲ್ಲ. ಶೋಭಾ ಆಂಟಿ ಇವತ್ತು ಬೆಂಗಳೂರಿಗೆ ಹೊರಡುತ್ತಿದ್ದಾರೆ, ಅವರ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಉತ್ತರವನ್ನು ಮೊದಲೇ ಬರೆದುಬಿಡುತ್ತೇನೆ. ಸಿಂಧೂರ ಕೊನೆಯ ಸ್ಥಾನದಲ್ಲಿ ಬಂದಳು. ಈಗ ದಯವಿಟ್ಟು ಮುಂದಕ್ಕೆ ಓದು.

ಏರ್‌ಪೋರ್ಟಿನಲ್ಲಿ ನೀನು ಹೇಳಿದ ಮಾತನ್ನು ನಾನು ಮರೆತಿಲ್ಲ. "ಎಲ್.ಎ.ನಲ್ಲಿ ಮೆಡಲ್ ಬಂದ್ರೆ ಸರಿ. ಇಲ್ಲಾಂದ್ರೆ ಈ ರಿಬ್ಬನ್ ಕುಣಿತ ಸಾಕು, ಮ್ಯಾಥ್ಸ್ ಕ್ಲಾಸಿಗೆ ಹಾಕ್ಬಿಡು." ಪಕ್ಕದಲ್ಲೇ ನಿಂತಿದ್ದ ಸಿಂಧೂರಳೂ ಅದನ್ನು ಕೇಳಿಸಿಕೊಂಡಿದ್ದಳು. ಆ ತರಗತಿ ನಡೆಯುವುದು ಅಭ್ಯಾಸದ ಸಂಜೆಗಳಲ್ಲೇ. ಎರಡೂ ಒಟ್ಟಿಗೆ ಸಾಧ್ಯವಿಲ್ಲ. ಸೇರಿಸಲು ಇವತ್ತು ಸಂಜೆ ಐದರವರೆಗೆ ಸಮಯವಿದೆ. ನಿನ್ನ ಮಾತು ಅಂದು ನನಗೂ ನ್ಯಾಯವೆಂದೇ ಕಂಡಿತ್ತು. ಎಸ್ಸೆಸ್ಸೆಲ್ಸಿಯಿಂದ ಇಲ್ಲಿಯ ಕ್ವಾಲಿಫೈಯಿಂಗ್ ಪರೀಕ್ಷೆಯವರೆಗೆ ನಾನು ಮೊದಲ ಸ್ಥಾನವನ್ನು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಜಂಬಕ್ಕಾಗಿ ಬರೆಯುತ್ತಿಲ್ಲ, ಆದರೆ ಮುಚ್ಚಿಡಲೂ ಕಾರಣವಿಲ್ಲ. ನನ್ನನ್ನು ಹಾಗೆ ಬೆಳೆಸಿದವಳು ನೀನೇ ಅಲ್ಲವೇ.

ಅವಳ ಕೋಚ್ ಜುಸಾರಾ ಅವರನ್ನು ಮೊದಲ ದಿನ ಕಂಡದ್ದು ನಿನಗೆ ನೆನಪಿರಬೇಕು. ಹರೆಯದಲ್ಲಿ ಬ್ರೆಜಿಲ್‌ನಿಂದ ಬಂದು ಲಾಸ್ ಏಂಜಲೀಸ್‌ನ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಆಡಿದವರೆಂದು ತಿಳಿದು, ಎಷ್ಟನೆಯ ಸ್ಥಾನವೆಂದು ನೀನು ಕೇಳಿದೆ. ಅವರು ನಕ್ಕು "ಲಾಸ್ಟ್" ಎಂದರು. ಕಾರು ಹತ್ತಿದವಳೇ ನೀನು, "ರೀ, ಲಾಸ್ಟ್ ಬಂದೋಳ ಹತ್ರ ನನ್ನ ಮಗಳನ್ನ ಬಿಡೋದಾ?" ಎಂದದ್ದನ್ನು ಭಾವ ಇವತ್ತಿಗೂ ನಿನ್ನ ದನಿಯಲ್ಲೇ ಹೇಳಿ ನಗಿಸುತ್ತಾರೆ.

ನಿನ್ನೆ ಜುಸಾರಾ ಅವರ ಕಾರು ಕೆಟ್ಟಿದ್ದರಿಂದ ನಮ್ಮ ಜೊತೆಯಲ್ಲೇ ಬಂದರು. ಫ್ರೀವೇಯಲ್ಲಿ ಇರ್ವೈನ್ ಬಳಿ ವಾಹನಗಳು ನಿಂತೇಹೋದವು. ಆಗ ತಮ್ಮ ಕಥೆ ಹೇಳಿದರು. ಅವರದು ಬ್ರೆಜಿಲ್‌ನ ದಕ್ಷಿಣದ ಒಂದು ಬಂದರು. ಅವರು ಹುಡುಗಿಯಾಗಿದ್ದಾಗ ಕಡ್ಡಿಗೆ ಉದ್ದನೆಯ ರಿಬ್ಬನ್ ಕಟ್ಟಿ ಸಂಗೀತಕ್ಕೆ ಕುಣಿಯುವ ಈ ಆಟವನ್ನು ಅಲ್ಲಿ ಯಾರೂ ಕಂಡಿರಲಿಲ್ಲವಂತೆ. ಪತ್ರಿಕೆಯಲ್ಲಿ ಬಂದ ಚಿತ್ರಗಳನ್ನು ನೋಡಿ, ಒಂದು ಭಂಗಿಗೂ ಮತ್ತೊಂದಕ್ಕೂ ನಡುವೆ ಏನಿರಬಹುದೆಂದು ಊಹಿಸಿ ಕಲಿತರು. ರಿಬ್ಬನ್ ಎಂದರೆ ತಾಯಿಯ ಸ್ಯಾಟಿನ್ ಪರದೆಯಿಂದ ಕತ್ತರಿಸಿದ ಪಟ್ಟಿ. ಕಡ್ಡಿ ಎಂದರೆ ಚಿಕ್ಕಪ್ಪನ ಗಾಳದ ಕೋಲಿನ ತುದಿ. ಗಾಳಿ ತಾಗಿದರೆ ರಿಬ್ಬನ್ ದಾರಿ ತಪ್ಪುತ್ತದೆಂದು ಮೀನಿನ ಗೋದಾಮಿನ ಕಿಟಕಿಗಳನ್ನೆಲ್ಲ ಮುಚ್ಚಿ, ಆ ಸೆಕೆಯಲ್ಲಿ, ಆ ವಾಸನೆಯಲ್ಲಿ ಅಭ್ಯಾಸ. ಹಾಗೆ ಕಲಿತವರು ಲಾಸ್ ಏಂಜಲೀಸ್‌ನ ಸಭಾಂಗಣಕ್ಕೆ ಬಂದರೆ ಅಲ್ಲಿ ಛಾವಣಿಯಿಂದ ಎ.ಸಿ.ಯ ಗಾಳಿ ಇಳಿಯುತ್ತಿತ್ತು. ಮೇಲೇರಬೇಕಾದ ರಿಬ್ಬನ್ ಮಡಚಿಕೊಂಡು ಗಂಟಾಯಿತು. ಆ ಗಂಟನ್ನು ಎಳೆದುಕೊಂಡೇ ಕೊನೆಯವರೆಗೆ ಆಡಿ, ಕೊನೆಯವರಾಗಿ ಊರಿಗೆ ಮರಳಿದರು. ಗೋದಾಮಿನ ಬಾಗಿಲಲ್ಲಿ ಕಡ್ಡಿಗೆ ಬಟ್ಟೆ ಕಟ್ಟಿಕೊಂಡ ಹುಡುಗಿಯರು ಸಾಲಾಗಿ ನಿಂತಿದ್ದರಂತೆ. ಅವರಿಗೆ ನಿಮ್ಮ ಸ್ಥಾನ ತಿಳಿದಿರಲಿಲ್ಲವೇ ಎಂದು ನಾನು ಕೇಳಿದೆ; ನಾನಲ್ಲದೆ ಇನ್ನಾರು ಕೇಳಬೇಕು! ತಿಳಿದಿತ್ತು, ಆದರೆ ಆ ಹುಡುಗಿಯರು ಕೇಳಿದ್ದು ಅಲ್ಲಿಯ ನೆಲ ಮೆತ್ತಗಿತ್ತೇ ಎಂದು, ಅಂದರು ಜುಸಾರಾ. ಆ ಹುಡುಗಿಯರಿಗೆ ಕಲಿಸುತ್ತಲೇ ಅವರ ಯೌವನ ಕಳೆಯಿತು. ಅವರಲ್ಲಿ ಕೆಲವರು ಮುಂದೆ ದೇಶದ ತಂಡ ಸೇರಿದರು. ಜುಸಾರಾಗೆ ಉಳಿದದ್ದು ಸವೆದ ಸೊಂಟ. ಈಗ ಅರ್ಧ ಗಂಟೆಗಿಂತ ಹೆಚ್ಚು ನಿಂತಿರಲಾರರು.

ನಿನ್ನೆಯೂ ಸಭಾಂಗಣದ ಒಳಗೆ ಕಾಲಿಟ್ಟೊಡನೆ, ಎಲ್ಲ ಹೊಸ ಜಾಗದಲ್ಲೂ ಮಾಡುವಂತೆ, ಟಿಶ್ಯೂ ಕಾಗದದ ಎಳೆಯೊಂದನ್ನು ಎತ್ತಿ ಹಿಡಿದು ಗಾಳಿ ನೋಡಿದರು. ಗಾಳಿ ಇರಲಿಲ್ಲ. ಆದರೂ ಸಿಂಧೂರಳ ರಿಬ್ಬನ್, ಕುಣಿತದ ನಡುವೆ, ಗಂಟು ಬಿದ್ದಿತು. ಅಂಚಿನಲ್ಲಿ ಬದಲಿ ರಿಬ್ಬನ್ ಇತ್ತು, ಓಡಿಹೋಗಿ ತೆಗೆದುಕೊಳ್ಳಬಹುದಿತ್ತು. ಅವಳು ಹೋಗಲಿಲ್ಲ. ನೆಲದ ನಡುವೆ ಮಂಡಿಯೂರಿ ಕುಳಿತು, ಉಗುರಿನಿಂದ ಗಂಟು ಬಿಡಿಸತೊಡಗಿದಳು. ಸಂಗೀತ ತನ್ನ ಪಾಡಿಗೆ ಸಾಗಿ, ಮುಗಿದು, ನಿಂತಿತು. ನಾನು ತಲೆ ತಗ್ಗಿಸಿದೆ. ತಲೆಯೆತ್ತಿದಾಗ ಅವಳು ಎದ್ದು ನಿಂತಿದ್ದಳು. ಆ ನಿಶ್ಶಬ್ದದಲ್ಲೇ ಉಳಿದದ್ದನ್ನೆಲ್ಲ ಆಡಿದಳು. ರಿಬ್ಬನ್ ಗಾಳಿಯನ್ನು ಸೀಳುವ ಸದ್ದು ನನ್ನ ಆಸನದವರೆಗೂ ಕೇಳಿಸುತ್ತಿತ್ತು. ಯಾವ ತೀರ್ಪುಗಾರರೂ ಅದಕ್ಕೆ ಅಂಕ ಕೊಡುವುದಿಲ್ಲ, ಕೊಡಲೂ ಇಲ್ಲ. ಜುಸಾರಾ ಅವಳ ಭುಜ ಹಿಡಿದುಕೊಂಡು, "ಅಂದು ನನ್ನ ರಿಬ್ಬನ್ ಗಂಟಾದಾಗ ನನಗಿದು ಹೊಳೆಯಲೇ ಇಲ್ಲ" ಎಂದರು.

ಹಿಂದಿರುಗುವಾಗ ನಾನು ಕೊಂಚ ಬಿರುಸಾಗಿಯೇ, "ಬದಲಿ ರಿಬ್ಬನ್ ಯಾಕೆ ತಗೊಳ್ಳಲಿಲ್ಲ? ಮೆಡಲ್ ಬರದಿದ್ರೆ ಏನಾಗುತ್ತೆ ಅಂತ ಗೊತ್ತಿತ್ತಲ್ಲ?" ಎಂದೆ. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕುಳಿತು ಚಿಪ್ಸ್ ತಿನ್ನುತ್ತಿದ್ದ ಸಿಂಧೂರ, "ಇಟ್ ವಾಸ್ ಜಸ್ಟ್ ಎ ನಾಟ್, ಚಿಕ್ಕಿ" ಎಂದಳು, ಬರೀ ಒಂದು ಗಂಟು ತಾನೇ ಎನ್ನುವಂತೆ. ಭಾವ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಅಕ್ಕಾ, ಇಷ್ಟು ಪರೀಕ್ಷೆ ಬರೆದ ನನಗೆ ಅಂಥ ಕಡೆ, ಅಷ್ಟು ಜನರೆದುರು, ಸಂಗೀತ ನಿಂತ ಮೇಲೆ ಏಳುವುದಕ್ಕೆ ಬರುತ್ತಿತ್ತೇ ಎಂದು ನಿನ್ನೆಯಿಂದ ಯೋಚಿಸುತ್ತಿದ್ದೇನೆ. ಬರುತ್ತಿರಲಿಲ್ಲ.

ಮ್ಯಾಥ್ಸ್ ತರಗತಿಗೆ ಅಪ್ಲೈ ಮಾಡುವ ಕೆಲಸ ಈ ಪತ್ರ ಮುಗಿಸಿದ ಮೇಲೆ. ಲ್ಯಾಪ್‌ಟಾಪ್ ಎದುರಿಗೇ ತೆರೆದಿದೆ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಅವರು ಬಯ್ದರೂ ಬೆನ್ನಿಗೆ ಬೆಲ್ಟು ಕಟ್ಟಿಕೋ.

ನಿನ್ನ ತಂಗಿ,
ನಿಹಾರಿಕಾ

ವಿ.ಸೂ.: ಶೋಭಾ ಆಂಟಿ ಬಂದು ಬಾಗಿಲಲ್ಲೇ ನಿಂತು "ಬೇಗ ಕೊಡಮ್ಮ, ಲೇಟಾಯ್ತು" ಅನ್ನುತ್ತಿದ್ದಾರೆ. ಐದೂವರೆ ಆಗಿದೆ. ನಾನು ಅಪ್ಲೈ ಮಾಡಲಿಲ್ಲ. ಗಡುವು ತಪ್ಪಿಸಿದ್ದು ಜೀವನದಲ್ಲಿ ಇದೇ ಮೊದಲು. ಮರೆತದ್ದಲ್ಲ, ಗಡಿಯಾರ ನೋಡುತ್ತಲೇ ಕುಳಿತಿದ್ದೆ. ಬಯ್ಯುವುದಿದ್ದರೆ ನನ್ನನ್ನು ಬಯ್ಯಿ. ಮಂಗಳವಾರ ಸಿಂಧೂರಳನ್ನು ಕಾರ್ಲ್ಸ್‌ಬಾಡ್‌ಗೆ ಅಭ್ಯಾಸಕ್ಕೆ ನಾನೇ ಕರೆದುಕೊಂಡು ಹೋಗುತ್ತೇನೆ. ಫೋನಿನಲ್ಲಿ ಅವಳನ್ನು ರ‍್ಯಾಂಕ್ ಕೇಳಬೇಡ. ನೆಲ ಮೆತ್ತಗಿತ್ತಾ ಎಂದು ಕೇಳು.