ನೀಲಿ ಉರಿ

ಹೊನವಾಡ
೧೧–೩–೨೦೨೪

ಪ್ರೀತಿಯ ತಮ್ಮ ಅಮೋಘಿಗೆ ಅಕ್ಕ ರೇಣವ್ವನ ಆಶೀರ್ವಾದ.

ಹೇಗಿದ್ದೀಯಪ್ಪಾ? ಕೆಮ್ಮು ಇಳಿಯಿತೇ? ಹೋದ ಸಲ ವಿಜಯಪುರದ ಜೈಲಿಗೆ ಬಂದಾಗ ನಿನ್ನ ಎದೆಯ ಎಲುಬು ಎಣಿಸುವಂತಿದ್ದವು. ನಾನು ತಂದ ಶೇಂಗಾ ಹಿಂಡಿ ರೊಟ್ಟಿಗೆ ಹಚ್ಚಿಕೊಂಡು ತಿಂದೆಯೋ, ಯಾರಿಗಾದರೂ ಹಂಚಿದೆಯೋ? ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ಈ ಕಾಗದವನ್ನು ಅಲ್ಲಿಯ ಸಾಹೇಬರು ಓದಿಯೇ ಕೊಡುತ್ತಾರಂತೆ. ಓದಲಿ ಬಿಡು.

ಈಗ ತಿಕೋಟಾದ ಶೆಡ್ಡಿಗೆ ಒಣದ್ರಾಕ್ಷಿ ಆರಿಸಲು ಹೋಗುತ್ತಿದ್ದೇನೆ. ಆರಿಸಿ ಎಸೆದ ಕರಿ ಕಾಳು ಕಂಡರೆ ಅವ್ವನದೇ ನೆನಪು. ಅದನ್ನೇ ಉಡಿಯಲ್ಲಿ ಕಟ್ಟಿಕೊಂಡು ಬಂದು, ಬೆಲ್ಲ ಹಾಕಿ ಕೊಳೆಸಿ, ಹಿತ್ತಲಲ್ಲಿ ಸಾರಾಯಿ ಭಟ್ಟಿ ಇಳಿಸಿ ನಮ್ಮಿಬ್ಬರನ್ನು ಸಾಕಿದಳು. ಪ್ರತಿ ಭಟ್ಟಿಗೂ ಚಮಚೆಯಲ್ಲಿ ಇಷ್ಟು ಹಾಕಿ ಕಡ್ಡಿ ಗೀರುತ್ತಿದ್ದಳು. "ನೀಲಿ ಉರಿ ಬಂದ್ರ ಮಾಲು ಚಲೋ ಐತಿ" ಅನ್ನುತ್ತಿದ್ದಳು. ಅವಳ ಮಾಲು ಕುಡಿದು ಅಲ್ಲೇ ಸತ್ತವರಿಲ್ಲ. ಊರ ಗಂಡಸರು ಹಾಳಾದರು, ಅದು ಬೇರೆ ಮಾತು.

ಅವ್ವನ ನಂತರ ಭಟ್ಟಿ ಇಳಿಸುತ್ತಿದ್ದ ನೀನು, ಅಬಕಾರಿಯವರ ದಾಳಿ ಹೆಚ್ಚಾದ ಮೇಲೆ ಅದನ್ನು ಬಿಟ್ಟೆ. ಸದ್ಯ, ಪೀಡೆ ಹೋಯಿತು ಎಂದುಕೊಳ್ಳುವಷ್ಟರಲ್ಲಿ ಯಾರೋ ಕೊಟ್ಟ ಸ್ಪಿರಿಟ್ ಕ್ಯಾನು ತಂದು ನೀರು ಬೆರೆಸಿ ಮಾರಿದೆ. ಮೂರ್ಖಾ, ಎಲ್ಲಿಯದು, ಎಂಥದು ಎಂದು ಕೇಳಬಾರದೇ? ಹೋದ ಕಾರಹುಣ್ಣಿಮೆಯ ದಿನ ಅದನ್ನು ಕುಡಿದು ಮೂವರು ಸತ್ತರು. ನಿನ್ನ ಮಾವ, ನನ್ನ ಯಜಮಾನರು, ಬದುಕಿದರು. ಆದರೆ ಎರಡೂ ಕಣ್ಣು ಹೋದವು. ವಿಷದ ಸ್ಪಿರಿಟ್ಟೂ ನೀಲಿಯಾಗಿಯೇ ಉರಿಯುತ್ತದೆ ಎಂದು ಆಮೇಲೆ ಡಾಕ್ಟರು ಹೇಳಿದರು.

ಈಗ ಅವರು ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಾರೆ. ಬೆಳಗಾದರೆ ಓಣಿಗೆಲ್ಲ ಕೇಳುವಂತೆ ನಿನ್ನನ್ನು ಬೈಯುತ್ತಾರೆ. ನಾನು ರೊಟ್ಟಿ ಮುರಿದು ಅವರ ಕೈಗೆ ಕೊಡುತ್ತೇನೆ. ಪೊಲೀಸರ ಮುಂದೆ ನೀನು, ಎಲ್ಲ ನಾನೊಬ್ಬನೇ ಮಾಡಿದೆ ಎಂದೆಯಂತೆ. ಹಾಗೆ ಅನ್ನಬಾರದಿತ್ತು ತಮ್ಮಾ.

ಬಿಸಿಲು ಜೋರಾಗಿದೆ, ನೀರು ಕುಡಿಯುತ್ತಿರು. ಯಾರೊಂದಿಗೂ ಜಗಳ ಬೇಡ. ಅವ್ವ ಇದ್ದಲ್ಲಿಂದಲೇ ನಿನ್ನ ತಲೆ ಕಾಯಲಿ.

ನಿನ್ನ ಅಕ್ಕ,
ರೇಣವ್ವ

ತಾ.ಕ.: ಬಸ್ಸಿನ ಹೊತ್ತಾಯಿತು, ಇಷ್ಟು ಬರೆಯದಿದ್ದರೆ ಆಗದು. ನೀನು ಆ ಕ್ಯಾನು ತಂದ ದಿನ ಚಮಚೆಗೆ ಹಾಕಿ ಕಡ್ಡಿ ಗೀರಿದವಳು ನಾನು. ಉರಿ ನೋಡಿ, ಚಲೋ ಐತಿ ಎಂದವಳೂ ನಾನು. ನೀನು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಒಳಗೆ ಕುಳಿತಿದ್ದೀಯ. ನಿನ್ನೆ ನಿನ್ನ ಮಾವನಿಗೆ ಹೇಳಿಬಿಟ್ಟೆ. ಹೊಡೆಯುತ್ತಾರೆ ಎಂದುಕೊಂಡಿದ್ದೆ. "ಗೊತ್ತೈತಿ. ನೀ ಚಲೋ ಐತಿ ಅಂದಿ ಅಂತನ ನಾ ಕುಡದೇನಿ" ಎಂದರು. ಮುಂದಿನ ಗುರುವಾರ ನಿನ್ನನ್ನು ಕೋರ್ಟಿಗೆ ತರುತ್ತಾರಲ್ಲ, ನಾನೂ ಬಂದು ಜಡ್ಜರ ಮುಂದೆ ಇದನ್ನೇ ಹೇಳುತ್ತೇನೆ. ನಿನ್ನ ಮಾವನನ್ನೂ ಕೈ ಹಿಡಿದೇ ಕರೆದುಕೊಂಡು ಬರುತ್ತೇನೆ. ನೀನು ಅಡ್ಡ ಮಾತಾಡಬೇಡ.